ಓದುಗರ ಪ್ರಶ್ನೆ: ಸ್ಟಿಕ್ಕರ್ ಕತ್ತರಿಸುವ ಮಷೀನ್ ಯಾಕೆ ಹೀಗೆ ಮಾಡುತ್ತದೆ?

ಕಟಿಂಗ್ ಪ್ಲಾಟರ್, ಅಂದರೆ ಕಂಪ್ಯೂಟರ್ ಕಳಿಸಿದ ಗೆರೆಯ ಮೇಲೆ ಬ್ಲೇಡ್ ಓಡಿಸಿ ಸ್ಟಿಕ್ಕರ್ ಕತ್ತರಿಸುವ ಮಷೀನ್, ಇದರ ಬಗ್ಗೆ ಈ ಸಲ ತುಂಬಾ ಪ್ರಶ್ನೆಗಳು ಬಂದಿವೆ. ಊರಿನ ರೇಡಿಯಂ ಅಂಗಡಿಯವರು, ಮನೆಯಲ್ಲೇ ಸ್ಟಿಕ್ಕರ್ ಮಾಡಿ ಮಾರುವವರು, ಟೀ ಶರ್ಟ್ ಪ್ರಿಂಟ್ ಮಾಡುವವರು ಎಲ್ಲರೂ ಬರೆದಿದ್ದಾರೆ. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಉತ್ತರ ಕೊಟ್ಟಿದ್ದೇವೆ.

ಪ್ರಶ್ನೆ: ಹೊಸದಾಗಿ 2 ಅಡಿ ಮಷೀನ್ ತಂದಿದ್ದೇನೆ. ಸ್ಟಿಕ್ಕರ್ ಜೊತೆ ಹಿಂದಿನ ಕಾಗದವೂ ಕತ್ತರಿಸಿ ಹೋಗುತ್ತದೆ. ಪ್ರೆಷರ್ ಕಡಿಮೆ ಮಾಡಿದರೆ ಕೆಲವು ಕಡೆ ಕಟ್ ಆಗುವುದೇ ಇಲ್ಲ. ಮಷೀನ್ ವಾಪಸ್ ಕೊಡಲಾ?

ಬೇಡ, ಸ್ವಲ್ಪ ತಡೀರಿ. ನಿಮ್ಮ ಬ್ಲೇಡ್ ಅದನ್ನು ಹಿಡಿದಿರುವ ಹೋಲ್ಡರಿನಿಂದ ಜಾಸ್ತಿ ಹೊರಗೆ ಬಂದಿದೆ, ಅಷ್ಟೇ. ಹೊಸಬರಲ್ಲಿ ಹೆಚ್ಚಿನವರು ಪ್ರೆಷರ್ ಗುಂಡಿಯನ್ನೇ ಹಿಡಿದು ಕೂರುತ್ತಾರೆ, ಹೋಲ್ಡರ್ ಕಡೆ ನೋಡುವುದೇ ಇಲ್ಲ. ಮಾಮೂಲಿ ವಿನೈಲ್, ಅಂದರೆ ಸ್ಟಿಕ್ಕರಿನ ಪ್ಲಾಸ್ಟಿಕ್ ಹಾಳೆಯ ದಪ್ಪ 80 ಮೈಕ್ರಾನ್ ಆಸುಪಾಸು, ಅಂದರೆ ಮಿಲಿಮೀಟರಿನ ಹತ್ತರಲ್ಲಿ ಒಂದು ಭಾಗವೂ ಇಲ್ಲ. ಅದನ್ನು ಕತ್ತರಿಸಲು ಬ್ಲೇಡಿನ ತುದಿ ಕಣ್ಣಿಗೆ ಕಂಡೂ ಕಾಣದಷ್ಟು ಹೊರಗಿದ್ದರೆ ಸಾಕು.

ಹೀಗೆ ಮಾಡಿ. ಹೋಲ್ಡರನ್ನು ಮಷೀನಿನಿಂದ ಬಿಚ್ಚಿ ಪೆನ್ ಹಿಡಿದ ಹಾಗೆ ನೇರವಾಗಿ ಹಿಡಿದುಕೊಳ್ಳಿ. ನೀವು ಕತ್ತರಿಸಬೇಕಾದ ಹಾಳೆಯದೇ ಒಂದು ತುಂಡಿನ ಮೇಲೆ, ಬರೆಯುವಷ್ಟೇ ಒತ್ತಿ ಒಂದು ಗೆರೆ ಎಳೆಯಿರಿ. ಸ್ಟಿಕ್ಕರ್ ತೆಗೆದು ಕಾಗದ ನೋಡಿ. ಕಾಗದದ ಮೇಲೆ ಸಣ್ಣ ಗೀರು ಇರಬೇಕು, ಉಗುರಿಗೆ ಸಿಕ್ಕೂ ಸಿಗದ ಹಾಗೆ. ಕಾಗದ ಸೀಳಿದ್ದರೆ ಬ್ಲೇಡ್ ಒಳಗೆ ತಗೊಳ್ಳಿ. ಗೀರೇ ಇಲ್ಲದಿದ್ದರೆ ಒಂಚೂರು ಹೊರಗೆ ಬಿಡಿ. ಇದು ಸರಿಹೋದ ಮೇಲೆಯೇ ಪ್ರೆಷರ್. 80 ಗ್ರಾಂ ಹತ್ತಿರ ಶುರು ಮಾಡಿ, ಮೂಲೆಯಲ್ಲಿ ಒಂದು ಪುಟ್ಟ ಚೌಕ ಕತ್ತರಿಸಿ ನೋಡಿ, ಬೇಕಿದ್ದರೆ ಸ್ವಲ್ಪ ಸ್ವಲ್ಪವೇ ಏರಿಸಿ.

ಕೆಲವು ಕಡೆ ಮಾತ್ರ ಕಟ್ ಆಗುತ್ತಿಲ್ಲ ಎಂದಿದ್ದೀರಲ್ಲ, ಅದು ಬೇರೆ ವಿಷಯ. ಬ್ಲೇಡ್ ಓಡಾಡುವ ದಾರಿಯ ಕೆಳಗೆ ಒಂದು ತೆಳ್ಳನೆ ಪಟ್ಟಿ ಅಂಟಿಸಿರುತ್ತಾರೆ. ಬ್ಲೇಡ್ ಜಾಸ್ತಿ ಹೊರಗಿಟ್ಟು ಓಡಿಸಿದರೆ ಮೊದಲು ಹಾಳಾಗುವುದು ಅದೇ. ಬೆರಳಾಡಿಸಿ ನೋಡಿ. ಗುಂಡಿ ಬಿದ್ದ ಜಾಗಕ್ಕೆ ಬಂದಾಗ ಹಾಳೆ ಕೆಳಗೆ ಬಗ್ಗುತ್ತದೆ, ಬ್ಲೇಡ್ ತಾಗುವುದಿಲ್ಲ. ಹೊಸ ಪಟ್ಟಿ ತರಿಸಿ ಅಂಟಿಸಿ.

ಪ್ರಶ್ನೆ: ಇಂಗ್ಲಿಷ್ ಅಕ್ಷರ ಚೆನ್ನಾಗಿ ಬರುತ್ತದೆ. ಕನ್ನಡ ಹಾಕಿದರೆ ಅಕ್ಷರದ ಒಳಗೆಲ್ಲಾ ಅಡ್ಡಗೆರೆ ಕಟ್ ಆಗಿ ಒತ್ತು, ಕೊಂಬು ಎಲ್ಲಾ ಬೇರೆ ಬೇರೆ ತುಂಡಾಗಿ ಕಿತ್ತು ಬರುತ್ತವೆ. ಕನ್ನಡಕ್ಕೆ ಬೇರೆ ಸೆಟ್ಟಿಂಗ್ ಇದೆಯಾ?

ಮಷೀನಿಗೆ ಕನ್ನಡವೂ ಗೊತ್ತಿಲ್ಲ, ಇಂಗ್ಲಿಷೂ ಗೊತ್ತಿಲ್ಲ. ಕಂಪ್ಯೂಟರ್ ಕಳಿಸಿದ ಗೆರೆಯ ಮೇಲೆ ಬ್ಲೇಡ್ ಓಡಿಸುವುದಷ್ಟೇ ಅದರ ಕೆಲಸ. ತೊಂದರೆ ಇರುವುದು ಫಾಂಟಿನಲ್ಲಿ. ನುಡಿ ತರಹದ ಹಳೆಯ ಫಾಂಟುಗಳಲ್ಲಿ ‘ಕು’ ಎಂದು ಬರೆದರೆ ‘ಕ’ ಒಂದು ಆಕಾರ, ಕೊಂಬು ಇನ್ನೊಂದು ಆಕಾರ, ಎರಡೂ ಒಂದರ ಮೇಲೊಂದು ಸ್ವಲ್ಪ ಹತ್ತಿ ಕೂತಿರುತ್ತವೆ. ಪ್ರಿಂಟ್ ತೆಗೆದರೆ ಎಲ್ಲಾ ಕಪ್ಪು, ಏನೂ ಗೊತ್ತಾಗುವುದಿಲ್ಲ. ಪ್ಲಾಟರ್ ಮಾತ್ರ ಎರಡು ಆಕಾರದ ಅಂಚನ್ನೂ ಪೂರ್ತಿ ಕತ್ತರಿಸುತ್ತದೆ. ಯುನಿಕೋಡ್ ಫಾಂಟಿನಲ್ಲೂ ಒತ್ತಕ್ಷರ ಮೇಲಿನ ಅಕ್ಷರಕ್ಕೆ ತಾಗುವ ಕಡೆ ಇದೇ ಕಥೆ.

ಹಾಗಾಗಿ ಎಲ್ಲಾ ಆಕಾರಗಳನ್ನೂ ಬೆಸೆದು ಒಂದು ಮಾಡಬೇಕು. ಡಿಸೈನ್ ಮಾಡುವ ಸಾಫ್ಟ್‌ವೇರ್ ಕೋರಲ್ ಡ್ರಾದಲ್ಲಿ ಅಕ್ಷರಗಳನ್ನು ಮೊದಲು ಕರ್ವ್ಸ್ (ಬರೀ ಗೆರೆಯ ಆಕಾರ) ಮಾಡಿ, ಬಿಡಿ ಬಿಡಿ ಮಾಡಿ, ಎಲ್ಲವನ್ನೂ ಆರಿಸಿ ವೆಲ್ಡ್ (ಬೆಸುಗೆ) ಕೊಡಿ. ಬಿಡಿ ಮಾಡಿದಾಗ ಅಕ್ಷರದ ಒಳಗಿನ ತೂತು ತುಂಬಿಕೊಂಡರೆ ಆ ಅಕ್ಷರದ ಒಳ ಹೊರ ಗೆರೆಗಳನ್ನು ಮೊದಲು ಕಂಬೈನ್ ಮಾಡಿಕೊಂಡು ಆಮೇಲೆ ವೆಲ್ಡ್ ಮಾಡಿ. ದುಡ್ಡು ಕೊಡದೆ ಸಿಗುವ ಇಂಕ್‌ಸ್ಕೇಪ್ ಬಳಸುವುದಾದರೆ ಆಬ್ಜೆಕ್ಟ್ ಟು ಪಾತ್, ಗ್ರೂಪ್ ಬಿಡಿಸುವುದು, ಆಮೇಲೆ ಯೂನಿಯನ್. ಯುನಿಕೋಡ್ ಕನ್ನಡದ ಒತ್ತಕ್ಷರ ಇಂಕ್‌ಸ್ಕೇಪಿನಲ್ಲಿ ಸರಿಯಾಗಿ ಕೂರುತ್ತದೆ, ಹಳೆಯ ಕೋರಲ್ ಇಟ್ಟುಕೊಂಡು ಒದ್ದಾಡುವವರು ಒಮ್ಮೆ ನೋಡಬಹುದು.

ಮಷೀನಿಗೆ ಕಳಿಸುವ ಮುಂಚೆ ಒಂದು ಅಭ್ಯಾಸ ಇಟ್ಟುಕೊಳ್ಳಿ. ಕೋರಲ್ಲಿನಲ್ಲಿ ವೈರ್‌ಫ್ರೇಮ್, ಇಂಕ್‌ಸ್ಕೇಪಿನಲ್ಲಿ ಔಟ್‌ಲೈನ್ ನೋಟಕ್ಕೆ ಹೋಗಿ ನೋಡಿ. ಅಲ್ಲಿ ಕಾಣುವ ಗೆರೆಯೇ ಕಟ್ ಆಗುವ ಗೆರೆ. ಅಕ್ಷರದ ಒಳಗೆ ಅಡ್ಡಗೆರೆ ಕಂಡರೆ ವೆಲ್ಡ್ ಆಗಿಲ್ಲ. ಗಿರಾಕಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಮಸುಕು ಫೋಟೋವನ್ನು ಟ್ರೇಸ್ ಮಾಡಿ ಗೆರೆಯಾಗಿಸಿದ್ದರಂತೂ ಇದು ಬೇಕೇ ಬೇಕು, ಒಂದು ಗೆರೆ ಇರಬೇಕಾದ ಕಡೆ ಎರಡು ಗೆರೆ, ಮಧ್ಯದಲ್ಲಿ ಧೂಳಿನಷ್ಟು ಚುಕ್ಕೆಗಳು, ಎಲ್ಲವೂ ಸಿಗುತ್ತವೆ.

ಇನ್ನೊಂದು ಮಾತು ಫಾಂಟ್ ಬಗ್ಗೆ. ಕನ್ನಡದ ಒತ್ತಕ್ಷರ ಮೇಲಿನ ಅಕ್ಷರಕ್ಕಿಂತ ತುಂಬಾ ಚಿಕ್ಕದು. ಬೋರ್ಡಿನ ಮೇಲೆ ‘ಅಣ್ಣಮ್ಮ’ ಎಂದು ಒಂದು ಇಂಚಿನಲ್ಲಿ ಬರೆದರೆ ಒತ್ತಿನ ಗೆರೆ ನೂಲಿನಷ್ಟಾಗುತ್ತದೆ. ಬೇಡದ ಭಾಗ ಎಳೆಯುವಾಗ ಅದೂ ಜೊತೆಗೇ ಎದ್ದು ಬರುತ್ತದೆ. ಗೆರೆ ಒಂದು ಮಿಲಿಮೀಟರಿಗಿಂತ ಸಣ್ಣದಾಗದ ಹಾಗೆ ದಪ್ಪ ಫಾಂಟ್ ಆರಿಸಿ, ಇಲ್ಲವೇ ಅಳತೆ ದೊಡ್ಡದು ಮಾಡಿ. ಎಳೆಯುವಾಗ ಮೇಲಕ್ಕೆ ಎತ್ತಬೇಡಿ, ಹಾಳೆಯ ಮೇಲೇ ಮಲಗಿಸಿ ಹಿಂದಕ್ಕೆ ನಿಧಾನವಾಗಿ ಎಳೆಯಿರಿ. ರಾಯಚೂರು, ಕಲಬುರಗಿ ಕಡೆಯವರು ಬೇಸಿಗೆಯಲ್ಲಿ ಕಟ್ ಮಾಡಿ ನಾಳೆ ನೋಡೋಣ ಎಂದು ಬಿಡಬೇಡಿ. ಸೆಕೆಗೆ ಅಂಟು ಮೆತ್ತಗಾಗಿ ಕತ್ತರಿಸಿದ ಅಂಚುಗಳು ಮತ್ತೆ ಒಂದಕ್ಕೊಂದು ಹಿಡಿದುಕೊಳ್ಳುತ್ತವೆ.

ಪ್ರಶ್ನೆ: ಚೌಕ ಕತ್ತರಿಸಿದರೆ ಮೂಲೆಗಳು ಉರುಟಾಗಿ ಬರುತ್ತವೆ. ವೃತ್ತದ ಎರಡು ತುದಿ ಕೂಡುವುದಿಲ್ಲ.

ಆಫ್‌ಸೆಟ್ ನೋಡಿ. ಬ್ಲೇಡಿನ ಚೂಪು ತುದಿ ಸರಿಯಾಗಿ ನಡುವಿನಲ್ಲಿ ಇರುವುದಿಲ್ಲ, ಸ್ವಲ್ಪ ಪಕ್ಕಕ್ಕಿರುತ್ತದೆ. ಆಫೀಸ್ ಕುರ್ಚಿಯ ಚಕ್ರ ಎಳೆದ ಕಡೆಗೆ ತಾನೇ ತಿರುಗುತ್ತದಲ್ಲ, ಹಾಗೆ ಬ್ಲೇಡೂ ತಿರುಗಬೇಕು ಎಂದೇ ಈ ವ್ಯವಸ್ಥೆ. ಈ ಅಂತರವೇ ಆಫ್‌ಸೆಟ್, ಸಾಮಾನ್ಯವಾಗಿ ಬಳಸುವ 45 ಡಿಗ್ರಿ ಬ್ಲೇಡಿಗೆ ಹೆಚ್ಚಾಗಿ 0.25 ಮಿಲಿಮೀಟರ್ ಇರುತ್ತದೆ. ಅದನ್ನು ಸಾಫ್ಟ್‌ವೇರಿನಲ್ಲೋ ಮಷೀನಿನಲ್ಲೋ ಹೇಳಬೇಕು, ಎರಡೂ ಕಡೆ ಹೇಳಬಾರದು. ಮೂಲೆ ಉರುಟಾದರೆ ಸಂಖ್ಯೆ ಏರಿಸಿ. ಮೂಲೆಯಲ್ಲಿ ಕಿವಿ ಎದ್ದ ಹಾಗೆ ಆಚೆ ಚಾಚಿದರೆ ಇಳಿಸಿ. ಆದರೂ ವೃತ್ತ ಕೂಡದಿದ್ದರೆ ಹೋಲ್ಡರ್ ಬಿಚ್ಚಿ ಊದಿ ಒರೆಸಿ. ವಿನೈಲಿನ ಸಣ್ಣ ಚೂರು ಒಳಗೆ ಸೇರಿಕೊಂಡು ಬ್ಲೇಡ್ ಸಲೀಸಾಗಿ ತಿರುಗುತ್ತಿರುವುದಿಲ್ಲ.

ಪ್ರಶ್ನೆ: ಅರ್ಧ ಕೆಲಸ ಆದ ಮೇಲೆ ಮಷೀನ್ ನಿಂತುಬಿಡುತ್ತದೆ. ಕೆಲವು ಸಲ ಹಾಳೆಯ ಈ ತುದಿಯಿಂದ ಆ ತುದಿಗೆ ಅಡ್ಡಡ್ಡ ಸೀಳಿಬಿಡುತ್ತದೆ.

ಅಡ್ಡ ಸೀಳುವುದಕ್ಕೆ ಹೆಚ್ಚಾಗಿ ಕಾರಣ ಕಂಪ್ಯೂಟರ್ ಮತ್ತು ಮಷೀನಿನ ಮಾತುಕತೆ ತಪ್ಪುವುದು. ಕಂಪ್ಯೂಟರ್ ಬೇಗ ಬೇಗ ಕಳಿಸುತ್ತದೆ, ಮಷೀನಿನ ಪುಟ್ಟ ಮೆಮೊರಿ ತುಂಬಿ ಮಧ್ಯದ ಕೆಲವು ಅಂಕಿ ಬಿದ್ದುಹೋಗುತ್ತವೆ, ಆಗ ಬ್ಲೇಡ್ ಎಲ್ಲಿಗೋ ಓಡುತ್ತದೆ. ಕಾಮ್ ಪೋರ್ಟ್ (ಕಂಪ್ಯೂಟರಿನ ಸೀರಿಯಲ್ ಸಂಪರ್ಕ) ಮೂಲಕ ಕೆಲಸ ಮಾಡುವ ಮಷೀನಾದರೆ, ಮಷೀನ್ ‘ತಡಿ’ ಎಂದಾಗ ಕಂಪ್ಯೂಟರನ್ನು ನಿಲ್ಲಿಸುವ ಫ್ಲೋ ಕಂಟ್ರೋಲನ್ನು ಹಾರ್ಡ್‌ವೇರ್‌ಗೆ ಇಡಿ, ಬಾಡ್ ರೇಟ್ (ಕಳಿಸುವ ವೇಗ) ಎರಡು ಕಡೆಯೂ ಒಂದೇ ಇರಲಿ, ಸಾಮಾನ್ಯವಾಗಿ 9600.

ನಡುವೆ ನಿಂತುಹೋಗುವುದು ಮಾತ್ರ ಬಹಳ ಸಲ ಸ್ಥಾಯಿ ವಿದ್ಯುತ್ತಿನಿಂದ. ರೋಲ್ ಬಿಚ್ಚಿಕೊಳ್ಳುವಾಗ ವಿನೈಲಿನಲ್ಲಿ ಚಾರ್ಜ್ ಹುಟ್ಟುತ್ತದೆ, ಒಣ ಹವೆಯಲ್ಲಿ ಇನ್ನೂ ಜಾಸ್ತಿ. ಅದು ಮಷೀನಿಗೆ ಹಾರಿದಾಗ ಯುಎಸ್‌ಬಿ ಸಂಪರ್ಕ ಕಡಿದುಹೋಗುತ್ತದೆ. ನಿಮ್ಮ ಅಂಗಡಿಯ ಪ್ಲಗ್ ಪಾಯಿಂಟಿಗೆ ಅರ್ಥಿಂಗ್ ನಿಜವಾಗಿ ಇದೆಯಾ ಎಂದು ಎಲೆಕ್ಟ್ರಿಷಿಯನ್ನರಿಂದ ನೋಡಿಸಿ. ಮೂರು ಪಿನ್ನಿನ ತೂತು ಇದ್ದ ಮಾತ್ರಕ್ಕೆ ಒಳಗೆ ವೈರ್ ಇರುತ್ತದೆ ಎಂದೇನಿಲ್ಲ ಅಲ್ವಾ! ಜೊತೆಗೆ ಯುಎಸ್‌ಬಿ ಕೇಬಲ್ ಗಿಡ್ಡ ಇರಲಿ, ಲ್ಯಾಪ್‌ಟಾಪ್ ನಿದ್ದೆಗೆ ಹೋಗದ ಹಾಗೆ ಮಾಡಿ.

ಪ್ರಶ್ನೆ: ಉದ್ದ ಕೆಲಸದಲ್ಲಿ ಹಾಳೆ ಒಂದು ಪಕ್ಕಕ್ಕೆ ಜಾರುತ್ತದೆ.

ಹಾಳೆ ಹಿಡಿಯುವ ರಬ್ಬರ್ ಚಕ್ರಗಳು ಎರಡೂ ಕಡೆ ಕೆಳಗಿನ ಉರುಟು ರೋಲರಿನ ಮೇಲೇ ಕೂತಿವೆಯಾ, ಎರಡರ ಬಿಗಿತವೂ ಒಂದೇ ಇದೆಯಾ ನೋಡಿ. ರೋಲಿನಿಂದ ನೇರ ಎಳೆಯಲು ಬಿಡಬೇಡಿ, ಬೇಕಾದಷ್ಟು ಉದ್ದ ಮೊದಲೇ ಬಿಚ್ಚಿ ಸಡಿಲವಾಗಿ ಬಿಡಿ. ಕಟ್ ಕೊಡುವ ಮುಂಚೆ ಹಾಳೆಯನ್ನು ಪೂರ್ತಿ ಉದ್ದಕ್ಕೆ ಒಮ್ಮೆ ಮುಂದೆ ಓಡಿಸಿ ವಾಪಸ್ ತನ್ನಿ, ಜಾರುವುದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಮಳೆಗಾಲದಲ್ಲಿ ಮಲೆನಾಡಿನವರ ರೋಲುಗಳು ಹಿಂದಿನ ಕಾಗದ ತೇವ ಕುಡಿದು ಡೊಂಕಾಗುತ್ತವೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ.

ಪ್ರಶ್ನೆ: ಇರುವ ಮಷೀನನ್ನೇ ಸುಧಾರಿಸಲು ಸ್ವಲ್ಪ ದುಡ್ಡು ಇಟ್ಟಿದ್ದೇನೆ. ಏನು ತರಲಿ? ನಂಬರ್ ಪ್ಲೇಟ್ ಕೆಲಸ ಜಾಸ್ತಿ ಹಿಡಿಯುವ ಯೋಚನೆ ಇದೆ.

ನಂಬರ್ ಪ್ಲೇಟ್ ಯೋಚನೆ ಬಿಡಿ. 2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳು ಎಚ್‌ಎಸ್‌ಆರ್‌ಪಿ (ಹೈ ಸೆಕ್ಯೂರಿಟಿ ನಂಬರ್ ಪ್ಲೇಟ್) ಜೊತೆಗೇ ಬರುತ್ತಿವೆ, ಹಳೆಯವಕ್ಕೂ ಅದೇ ಹಾಕಿಸಬೇಕು. ಅಂಗಡಿ ಬಾಗಿಲ ಗಾಜು, ಟೀ ಶರ್ಟ್, ಆಟೋ ಹಿಂದಿನ ಬರಹ, ಇವುಗಳಲ್ಲಿ ಇನ್ನೂ ಕೆಲಸ ಇದೆ. ಟೀ ಶರ್ಟಿನ ವಿನೈಲನ್ನು ಹೊಳೆಯುವ ಪ್ಲಾಸ್ಟಿಕ್ ಹಾಳೆ ಕೆಳಗಾಗಿ ಹಾಕಿ, ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಕತ್ತರಿಸಬೇಕು ಎನ್ನುವುದು ನೆನಪಿರಲಿ.

ದುಡ್ಡಿನ ವಿಷಯಕ್ಕೆ ಬಂದರೆ, ಮೊದಲು ಒಳಗೆ ಬೇರಿಂಗ್ ಇರುವ ಒಳ್ಳೆಯ ಹೋಲ್ಡರ್ ಮತ್ತು ನಂಬಿಕೆಯ ಬ್ಲೇಡುಗಳು. ಮಷೀನ್ ಜೊತೆ ಬಂದ ಅಗ್ಗದ ಬ್ಲೇಡ್ ಮಾಮೂಲಿ ವಿನೈಲಿಗೆ ಸಾಕು, ಬೆಳಕಿಗೆ ಹೊಳೆಯುವ ದಪ್ಪ ಹಾಳೆಗೆ 60 ಡಿಗ್ರಿಯದು ಬೇರೆ ಇಟ್ಟುಕೊಳ್ಳಿ, ಅದಕ್ಕೆ ಆಫ್‌ಸೆಟ್ ಬೇರೆ ಇದ್ದರೆ ಬದಲಿಸುವುದನ್ನು ಮರೆಯಬೇಡಿ. ಆಮೇಲೆ ಬ್ಲೇಡ್ ದಾರಿಯ ಕೆಳಗೆ ಅಂಟಿಸುವ ಒಂದು ಹೊಸ ಪಟ್ಟಿ, ರೋಲ್ ಸಲೀಸಾಗಿ ಉರುಳುವ ಸ್ಟ್ಯಾಂಡ್. ಪ್ರಿಂಟ್ ಆದ ಚಿತ್ರದ ಸುತ್ತ ತಾನೇ ಗುರುತು ಓದಿ ಕತ್ತರಿಸುವ ಕಣ್ಣು ಹಳೆಯ ಮಷೀನಿಗೆ ಸೇರಿಸಿ ಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ, ನಿಮ್ಮದೇ ಫೈಲ್ ಕೊಟ್ಟು ಎದುರಿಗೆ ಕತ್ತರಿಸಿ ತೋರಿಸಿ ಅನ್ನಿ. ತೋರಿಸಿದ ಮೇಲೆ ದುಡ್ಡು ಕೊಡಿ.