ಕನ್ನಡ ಮೂಲದ ಜಾಝ್ ಸ್ಯಾಕ್ಸೋಫೋನ್ ವಾದಕರು ಯಾರಾದರೂ ಇದ್ದಾರಾ?

ಕದ್ರಿ ಗೋಪಾಲನಾಥ್ ಅವರು ಸ್ಯಾಕ್ಸೋಫೋನ್‌ನಲ್ಲಿ ಕರ್ನಾಟಕ ಸಂಗೀತ ನುಡಿಸುವುದನ್ನು ಕೇಳಿದ್ದೇನೆ, ಜಾಝ್ ನುಡಿಸುವ ನಮ್ಮವರೂ ಇದ್ದಾರಾ, ಎಲ್ಲಿಂದ ಕೇಳಲು ಶುರು ಮಾಡಲಿ ಎಂದು ಕೇಳಿದ್ದೀರಿ. ಇದ್ದಾರೆ, ರುದ್ರೇಶ್ ಮಹಾಂತಪ್ಪ. ನನಗೆ ತುಂಬಾ ಇಷ್ಟದ ವಾದಕ.

ಕರ್ನಾಟಕದಿಂದ ಹೋದ ಕುಟುಂಬ. ಹುಟ್ಟಿದ್ದು 1971ರಲ್ಲಿ, ಇಟಲಿಯ ಟ್ರಿಯೆಸ್ಟ್‌ನಲ್ಲಿ. ಬೆಳೆದದ್ದು ಅಮೆರಿಕದ ಕೊಲರಾಡೋದಲ್ಲಿ. ತಂದೆ ಅಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಮಗ ಹಿಡಿದದ್ದು ಆಲ್ಟೊ ಸ್ಯಾಕ್ಸೋಫೋನ್, ಮನಸ್ಸು ಕೊಟ್ಟದ್ದು ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ದಿಗ್ಗಜ ಚಾರ್ಲಿ ಪಾರ್ಕರ್‌ಗೆ. ಆದರೆ ಹೆಸರು ನೋಡಿದವರೆಲ್ಲ ಇವರಿಗೆ ಭಾರತೀಯ ಸಂಗೀತ ಗೊತ್ತೇ ಇರುತ್ತದೆ ಅಂದುಕೊಳ್ಳುತ್ತಿದ್ದರಂತೆ.

ಬಾಸ್ಟನ್‌ನ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಓದುವಾಗ ಅವರ ಅಣ್ಣ ತಮಾಷೆಗೆಂದು ಒಂದು ಆಲ್ಬಂ ತಂದುಕೊಟ್ಟರು. ಅದು ಕದ್ರಿಯವರದ್ದು! ಸ್ಯಾಕ್ಸೋಫೋನ್‌ನಲ್ಲಿ ಕೀಗಳನ್ನು ಒತ್ತಿ ಸ್ವರ ಬದಲಿಸಬೇಕು. ಸ್ವರದಿಂದ ಸ್ವರಕ್ಕೆ ಹಾರುವುದು ಸುಲಭ, ಜಾರುವುದು, ಗಮಕ ತೆಗೆಯುವುದು ಬಹಳ ಕಷ್ಟ. ಬಂಟ್ವಾಳ ತಾಲೂಕಿನ ನಾಗಸ್ವರ ವಾದಕರ ಮಗನಾದ ಕದ್ರಿಯವರು ಅದನ್ನು ಸಾಧಿಸಿದ್ದರು. ಮುಂದೆ 2008ರಲ್ಲಿ ಇಬ್ಬರೂ ಸೇರಿ 'ಕಿನ್ಸ್‌ಮೆನ್' ಆಲ್ಬಂ ಮಾಡಿದರು. ಎ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿಯವರ ಮೃದಂಗ, ಜೊತೆಗೆ ಜಾಝ್ ಗಿಟಾರ್, ಡ್ರಮ್ಸ್. ಎರಡು ಸ್ಯಾಕ್ಸೋಫೋನ್‌ಗಳು ಮಾತಿಗೆ ಮಾತು ಕೊಡುವುದನ್ನು ಕೇಳಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಆದರೂ ನೀವು ಮೊದಲು ಕೇಳಬೇಕಾದ್ದು 2004ರ 'ಮದರ್ ಟಂಗ್'. "ನಿಮಗೆ ಇಂಡಿಯನ್ ಮಾತಾಡಲು ಬರುತ್ತಾ?" ಅಂತ ಅಮೆರಿಕದಲ್ಲಿ ಕೇಳುತ್ತಾರಲ್ವಾ? ಆ ಪ್ರಶ್ನೆಯನ್ನೇ ಅಲ್ಲಿನ ಭಾರತೀಯರ ಮುಂದಿಟ್ಟು, ಅವರವರ ಭಾಷೆಯಲ್ಲಿ ಉತ್ತರ ರೆಕಾರ್ಡ್ ಮಾಡಿಕೊಂಡರು. ಆ ಮಾತಿನ ಏರಿಳಿತವನ್ನೇ ಸ್ವರಕ್ಕೆ ಇಳಿಸಿ ರಚನೆ ಮಾಡಿದರು. ಒಂದರ ಹೆಸರು 'ಕನ್ನಡ'. ಅದರಲ್ಲಿ ಪದಗಳಿಲ್ಲ, ನಾವು ಮಾತಾಡುವ ಧಾಟಿ ಇದೆ. ರಾಗ ಹುಡುಕಲು ಹೋಗಬೇಡಿ, ಸುಮ್ನೆ ಯಾರೋ ನಿಮ್ಮೊಂದಿಗೆ ಮಾತಾಡುತ್ತಿದ್ದಾರೆ ಅಂದುಕೊಂಡು ಕೇಳಿ.

ಅವರು ಮೇಷ್ಟ್ರೂ ಹೌದು. 2016ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜಾಝ್ ವಿಭಾಗದ ಹೊಣೆ ಹೊತ್ತರು. ಅವರಿಗೆ ಪಾರ್ಕರ್ ಮೇಲಿರುವ ಪ್ರೀತಿ ತಿಳಿಯಬೇಕಾದರೆ 2015ರ 'ಬರ್ಡ್ ಕಾಲ್ಸ್' ಇದೆ. ಅದು ಸ್ವಲ್ಪ ಜಾಸ್ತಿ ವೇಗದ್ದು, ಕೊನೆಗೆ ಇಟ್ಟುಕೊಳ್ಳಿ. 'ಕನ್ನಡ' ಕೇಳಿ ಏನನ್ನಿಸಿತು ಅಂತ ಖಂಡಿತ ಬರೆಯಿರಿ.