ಅಮೆರಿಕದಲ್ಲಿ ಚೀನಾ ಸರಕು ತರಿಸುವ ಸಣ್ಣ ವ್ಯಾಪಾರಿ ನಾನು. ಟ್ರಂಪ್ ಹೋದ ಮೇಲೆ ಸುಂಕ ಇಳಿಯುತ್ತೆ ಅಂತ ಕಾಯಲಾ, ಅಥವಾ ಈಗಲೇ ಭಾರತದಿಂದ ತರಿಸಲಾ?

ನಿಮ್ಮ ಪ್ರಶ್ನೆ ಓದಿ 2019ರ ನನ್ನನ್ನೇ ನೋಡಿದ ಹಾಗಾಯಿತು. ನಾನೂ ಕಾದವನೇ.

ನ್ಯೂಜೆರ್ಸಿಯಲ್ಲಿ ನನ್ನದು ಎಲ್‌ಇಡಿ ದೀಪಗಳ ಸಣ್ಣ ವ್ಯಾಪಾರ. ಮಾಲು ಬರುತ್ತಿದ್ದದ್ದು ಚೀನಾದ ಗುಝೆನ್‌ನಿಂದ. ಅಲ್ಲಿ ಊರಿಗೆ ಊರೇ ದೀಪ ಮಾಡುತ್ತೆ. 2018ರ ಸೆಪ್ಟೆಂಬರ್ 24ಕ್ಕೆ 200 ಬಿಲಿಯನ್ ಡಾಲರಿನ ಚೀನೀ ಸರಕಿನ ಮೇಲೆ ಶೇ. 10 ಹೆಚ್ಚುವರಿ ಸುಂಕ ಬಿತ್ತು. ದೀಪಗಳೂ ಆ ಪಟ್ಟಿಯಲ್ಲಿದ್ದವು. ಜನವರಿಯಿಂದ ಶೇ. 25 ಅಂತ ಆಗಲೇ ಹೇಳಿದ್ದರು. ಡಿಸೆಂಬರ್ 1ಕ್ಕೆ ಬ್ಯೂನಸ್ ಐರಿಸ್‌ನಲ್ಲಿ ಟ್ರಂಪ್, ಷಿ ಜಿನ್‌ಪಿಂಗ್ ಕೂತು ಊಟ ಮಾಡಿದರು, ಏರಿಕೆ ಮುಂದಕ್ಕೆ ಹೋಯಿತು. ಫೆಬ್ರುವರಿಯಲ್ಲಿ ಮತ್ತೆ ಮುಂದಕ್ಕೆ. ನಾನು 'ಎಲ್ಲಾ ಬರೀ ಚೌಕಾಸಿ, ಇನ್ನೆರಡು ತಿಂಗಳಲ್ಲಿ ಮುಗಿಯುತ್ತೆ' ಅಂದುಕೊಂಡೆ.

ಮಾರ್ಚ್‌ನಲ್ಲಿ ಹೋಟೆಲ್ ಕಟ್ಟಡಗಳ ಕೆಲಸ ಮಾಡುವ ಒಬ್ಬ ಕಂಟ್ರಾಕ್ಟರ್ ಸಿಕ್ಕಿದ. ವರ್ಷಕ್ಕೆ ಒಂಬತ್ತು ಕಂಟೇನರ್, ದರ ಮಾತ್ರ ವರ್ಷಪೂರ್ತಿ ಒಂದೇ ಇರಬೇಕು ಅಂದ. ಖುಷಿಯಲ್ಲಿ ಸಹಿ ಹಾಕಿದೆ.

ಇಲ್ಲೇ ನಾನು ಕೆಟ್ಟದ್ದು. ಸ್ವಲ್ಪ ಎಳೆದು ಹೇಳ್ತೀನಿ, ಬೇಜಾರಾಗಬೇಡಿ. ನನ್ನ ಎಕ್ಸೆಲ್ ಶೀಟಿನಲ್ಲಿ ಸುಂಕದ ಕಾಲಂ ಒಂದಿತ್ತು, ಅದರಲ್ಲಿ 10 ಅಂತ ಹಾಕಿದ್ದೆ. ಅದು ಬದಲಾಗಬಹುದು ಅನ್ನೋದು ಗೊತ್ತಿತ್ತು, ಪೇಪರಿನಲ್ಲೇ ಬಂದಿತ್ತಲ್ಲ! ಆದರೆ ಒಪ್ಪಂದದಲ್ಲಿ 'ಸುಂಕ ಏರಿದರೆ ದರವೂ ಏರುತ್ತೆ' ಅನ್ನೋ ಒಂದು ಸಾಲು ಹಾಕಿಸಲಿಲ್ಲ. ಕೇಳಿದರೆ ಗಿರಾಕಿ ಬೇರೆಯವರ ಹತ್ತಿರ ಹೋಗ್ತಾನೇನೋ ಅನ್ನೋ ಭಯ. ಇನ್ನೊಂದು ನಂಬಿಕೆಯೂ ಇತ್ತು, ಅದು ಇನ್ನೂ ದಡ್ಡತನದ್ದು: ಏರಿದರೂ ಚೀನಾದವನು ಕೊಡ್ತಾನೆ ಅಂತ. ಟಿವಿಯಲ್ಲಿ ದಿನಾ ಅದನ್ನೇ ಹೇಳುತ್ತಿದ್ದರು.

ಮೇ 5, ಭಾನುವಾರ, ಟ್ರಂಪ್ ಟ್ವೀಟ್ ಬಂತು. ಮೇ 10ರಿಂದ ಚೀನಾ ಬಿಡುವ ಸರಕಿಗೆ ಶೇ. 25. ನನ್ನ ಎರಡು ಕಂಟೇನರ್ ಆಗಲೇ ಬಂದಾಗಿತ್ತು. ಮೂರನೆಯದು ನ್ಯೂವಾರ್ಕ್ ಬಂದರಿಗೆ ಬಂದಾಗ ಕಸ್ಟಮ್ಸ್ ಬ್ರೋಕರ್ 7501 ಫಾರ್ಮ್, ಅಂದರೆ ಸುಂಕದ ಲೆಕ್ಕದ ಕಾಗದ, ಕಳಿಸಿದ. ದೀಪಕ್ಕೆ ಮಾಮೂಲಾಗಿ ಬೀಳುವ ಸುಂಕದ ಜೊತೆಗೆ ಚೀನಾ ಹೆಚ್ಚುವರಿ ಸುಂಕದ 9903.88.03 ಅನ್ನೋ ನಂಬರ್, ಪಕ್ಕದಲ್ಲಿ 25%. 80,000 ಡಾಲರ್ ಸರಕಿಗೆ 20,000 ಡಾಲರ್. ಇಂಪೋರ್ಟರ್ ಆಫ್ ರೆಕಾರ್ಡ್, ಅಂದರೆ ಸುಂಕ ಕಟ್ಟಬೇಕಾದ ಆಮದುದಾರ, ಅನ್ನೋ ಕಡೆ ನನ್ನ ಕಂಪನಿ ಹೆಸರು. ಚೀನಾದವನ ಗುರುತೂ ಆ ಕಾಗದದಲ್ಲಿತ್ತು, ದುಡ್ಡು ಕಟ್ಟುವ ಜಾಗದಲ್ಲಿ ಮಾತ್ರ ಇರಲಿಲ್ಲ.

ಗುಝೆನ್‌ನವನನ್ನು ಗೋಗರೆದೆ. ಶೇ. 2 ಬಿಟ್ಟ. ಕಂಟ್ರಾಕ್ಟರ್ ಒಪ್ಪಂದ ತೋರಿಸಿದ, ಅವನದ್ದೇನು ತಪ್ಪು? ಕಂಟೇನರಿಗೆ 9,000 ಡಾಲರ್ ಉಳಿಯಬೇಕಾದ ಕಡೆ 1,000 ಡಾಲರ್ ಕೈಯಿಂದ ಹೋಯಿತು. ಹಾಗೆ ಏಳು ಕಂಟೇನರ್. ಮನೆ ಕೊಳ್ಳೋಕೆ ಅಂತ ಕೂಡಿಟ್ಟ ದುಡ್ಡು ಅಲ್ಲಿಗೆ ಸರಿಹೋಯಿತು. ನನ್ನ ಹೆಂಡತಿ ಇವತ್ತಿಗೂ ಡೈನಿಂಗ್ ಟೇಬಲ್ ಮೇಲಿನ ದೀಪ ತೋರಿಸಿ 'ಇದು ನಮ್ಮ ಮನೆ' ಅಂತಾಳೆ.

ಈಗ ನಿಮ್ಮ ಕಾಯುವ ವಿಷಯ. ನಾನು 2020ರ ಚುನಾವಣೆವರೆಗೆ ಕಾದೆ. ಬೈಡನ್ ಬಂದರು, ಆ ಶೇ. 25 ಹಾಗೇ ಉಳಿಯಿತು. 2024ರಲ್ಲಿ ಚೀನಾದ ಎಲೆಕ್ಟ್ರಿಕ್ ಕಾರಿಗೆ ಶೇ. 100 ಮಾಡಿದ್ದೂ ಅವರೇ. ಚೀನಾಕ್ಕೆ ಅತ್ಯಾಧುನಿಕ ಕಂಪ್ಯೂಟರ್ ಚಿಪ್ ಮಾರಬಾರದು ಅಂತ 2022ರ ಅಕ್ಟೋಬರ್‌ನಲ್ಲಿ ಕಟ್ಟು ಹಾಕಿದ್ದೂ ಅವರ ಸರ್ಕಾರವೇ. 'ಆರ್ಥಿಕ ಭದ್ರತೆಯೇ ರಾಷ್ಟ್ರೀಯ ಭದ್ರತೆ' ಅಂತ 2017ರ ಡಿಸೆಂಬರಿನಲ್ಲೇ ಅಮೆರಿಕ ತನ್ನ ಭದ್ರತಾ ನೀತಿಯಲ್ಲಿ ಬರೆದುಕೊಂಡಿತ್ತು. ಚೀನಾ ವಿಷಯದಲ್ಲಿ ಎರಡೂ ಪಕ್ಷದವರು ಅದೇ ದಾರಿ ಹಿಡಿದಿದ್ದಾರೆ. ಒಬ್ಬ ಮನುಷ್ಯನ ಸಿಟ್ಟು ಅಂತ ನಾನು ಅಂದುಕೊಂಡಿದ್ದೆ, ನೀವೂ ಹಾಗೇ ಅಂದುಕೊಂಡ ಹಾಗಿದೆ.

ಹಾಗಾದ್ರೆ ಭಾರತ? ಊರ ಅಭಿಮಾನಕ್ಕೆ ನಾನೂ ಪೀಣ್ಯದಲ್ಲಿ ಒಬ್ಬರ ಹತ್ತಿರ ಮಾತಾಡಿದೆ. ಒಳ್ಳೆಯ ಮನುಷ್ಯ, ಕೆಲಸವೂ ಅಚ್ಚುಕಟ್ಟು. ಆದರೆ ದೀಪದ ಒಳಗಿನ ಬೋರ್ಡು, ಅದಕ್ಕೆ ಕರೆಂಟ್ ಹದಮಾಡಿ ಕೊಡುವ ಡ್ರೈವರ್ ಎರಡೂ ಚೀನಾದ್ದೇ. ನಾಲ್ಕು ಸ್ಕ್ರೂ ಬಿಗಿದ ಮಾತ್ರಕ್ಕೆ ಅದು ಭಾರತದ ಸರಕು ಅಂತ ಕಸ್ಟಮ್ಸ್‌ನವರು ಒಪ್ಪಲ್ಲ. ಇನ್ನು 2025 ನೋಡಿ. ಏಪ್ರಿಲ್‌ನಲ್ಲಿ ಚೀನಾ ಸರಕಿಗೆ ಶೇ. 145ರವರೆಗೆ ಹೋಯಿತು, ಮೇ ತಿಂಗಳಲ್ಲಿ ಶೇ. 30ಕ್ಕೆ ಇಳಿಯಿತು. ಹಳೆಯ ಶೇ. 25 ಬೇರೆ. ಆಗಸ್ಟ್ 27ಕ್ಕೆ ಭಾರತದ ಬಹಳಷ್ಟು ಸರಕಿನ ಮೇಲೆ ಶೇ. 50 ಬಿತ್ತು, ಅದರಲ್ಲಿ ಅರ್ಧ ರಷ್ಯಾದ ಎಣ್ಣೆ ಕೊಂಡಿದ್ದಕ್ಕೆ. ದೀಪ ಮಾರುವವನಿಗೂ ರಷ್ಯಾದ ಎಣ್ಣೆಗೂ ಏನು ಸಂಬಂಧ ಅಂತ ಕೇಳಬೇಡಿ. ಆ ಬೇಸಿಗೆಯಲ್ಲಿ ಚೀನಾ ಬಿಟ್ಟು ಭಾರತಕ್ಕೆ ಹೋಗಿದ್ದ ನನ್ನ ಪರಿಚಯದವರೊಬ್ಬರು ಎರಡು ಕಂಟೇನರ್ ಅಲ್ಲೇ ಬಿಟ್ಟರು.

ಅದಕ್ಕೇ ಯಾವ ದೇಶ ಅನ್ನೋದನ್ನ ಆಮೇಲೆ ನೋಡೋಣ. ಮೊದಲು ನಿಮ್ಮ ಮಾರಾಟದ ಒಪ್ಪಂದ ತೆಗೆಯಿರಿ. ನಾನು ಈಗ ಹಾಕಿಸೋದು ಇಷ್ಟೇ: ಸರಕು ಬಂದರಿಗೆ ಬಂದ ದಿನದ ಸುಂಕವೇ ಲೆಕ್ಕ, ಏರಿದ್ದರಲ್ಲಿ ಅರ್ಧ ಗಿರಾಕಿಯದು, ಅರ್ಧ ನನ್ನದು, ಇಳಿದರೂ ಹಾಗೇ. ದರಕ್ಕೆ 30 ದಿನ ಮಾತ್ರ ಗ್ಯಾರಂಟಿ. ಮೂರು ಜನ ಗಿರಾಕಿಗಳು ಆಗಲ್ಲ ಅಂತ ಎದ್ದು ಹೋದರು, ಹೋಗಲಿ ಬಿಡಿ. ಮಜಾ ಏನಂದ್ರೆ, ಅದೇ ಹಳೇ ಕಂಟ್ರಾಕ್ಟರ್ ಕಳೆದ ವರ್ಷ ಮತ್ತೆ ಬಂದ. ಆ ಸಾಲನ್ನ ಎರಡು ಸಲ ಓದಿ, ಪೆನ್ ತೆಗೆದು ತನ್ನ ಪಾಲಿನ 'ಅರ್ಧ' ಹೊಡೆದು ಹಾಕಿ ಶೇ. 40 ಅಂತ ಬರೆದ. ನಾನು 45 ಅಂದೆ. ಸಹಿ ಹಾಕಿದ.

ನಿಮ್ಮದರಲ್ಲಿ ಈಗ ಏನಂತ ಬರೆದಿದೆ? ಕೆಳಗೆ ಹಾಕಿ, ಗಿರಾಕಿ ಹೆಸರು ಮಾತ್ರ ಬೇಡ.