ಒಂದೇ ಆಂಟೆನಾ, ಎರಡು ಸ್ಕ್ಯಾನರ್

ಪ್ರಶ್ನೆ: ಮನೆ ಮೇಲೆ ಒಂದು ಡಿಸ್ಕೋನ್ (ಹಲವು ಫ್ರೀಕ್ವೆನ್ಸಿಗಳನ್ನು ಹಿಡಿಯುವ) ಆಂಟೆನಾ ಇದೆ. ಅದಕ್ಕೆ ಸ್ಕ್ಯಾನರ್, ಅಂದರೆ ಒಂದೊಂದೇ ಫ್ರೀಕ್ವೆನ್ಸಿ ಹುಡುಕುತ್ತಾ ಹೋಗುವ ರೇಡಿಯೊ, ಹಾಕಿ ವಿಮಾನಗಳ ಮಾತು ಕೇಳುತ್ತೇನೆ. ಈಗ ಎರಡನೇ ಸ್ಕ್ಯಾನರ್ ಬಂದಿದೆ. ಟಿ ಕನೆಕ್ಟರ್ ಹಾಕಿ ಎರಡಕ್ಕೂ ಕೊಟ್ಟೆ. ದೂರದ ಸ್ಟೇಷನ್‌ಗಳೆಲ್ಲ ಈಗ ಬರೀ ಸುಯ್ ಅನ್ನುತ್ತವೆ. ಜೊತೆಗೆ, ಎರಡನೆಯದನ್ನು ಆನ್ ಮಾಡಿದರೆ ಮೊದಲನೆಯದು ಸ್ಕ್ಯಾನ್ ಮಾಡುತ್ತಾ ಎಲ್ಲೋ ಒಂದು ಕಡೆ ಸುಮ್ನೆ ನಿಂತುಬಿಡುತ್ತದೆ. ಮಾತಿಲ್ಲ, ಕತೆಯಿಲ್ಲ. ಇನ್ನೊಂದು ಆಂಟೆನಾ ಹಾಕಲೇಬೇಕಾ?

ಉತ್ತರ: ಬೇಡ. ಮೊದಲು ಆ ಟಿ ಕನೆಕ್ಟರ್ ತೆಗೆದಿಡಿ.

ಸ್ಕ್ಯಾನರ್ ನಿಂತುಬಿಡುವುದು ಸ್ವಾರಸ್ಯದ ವಿಷಯ. ಅಲ್ಲಿಂದಲೇ ಶುರು ಮಾಡೋಣ. ಸ್ಕ್ಯಾನರ್ ಕೇಳುವ ಯಂತ್ರವಾದರೂ ಅದರೊಳಗೆ ತಾನೇ ಸಿಗ್ನಲ್ ಹುಟ್ಟಿಸುವ ಒಂದು ಆಸಿಲೇಟರ್ ಇರುತ್ತದೆ. ಅದರ ಸಿಗ್ನಲ್ ಸ್ವಲ್ಪ ಆಂಟೆನಾ ಸಾಕೆಟ್‌ನಿಂದ ಹೊರಗೆ ಸೋರುತ್ತದೆ. ಉದಾಹರಣೆಗೆ, ಐಎಫ್ (ಬಂದ ಸಿಗ್ನಲ್ ಅನ್ನು ಬದಲಾಯಿಸಿಕೊಳ್ಳುವ ಒಳಗಿನ ಫ್ರೀಕ್ವೆನ್ಸಿ) 10.7 ಮೆಗಾಹರ್ಟ್ಸ್ ಇರುವ ಸ್ಕ್ಯಾನರ್ 125.0 ಕೇಳುತ್ತಿದ್ದರೆ ಆಸಿಲೇಟರ್ ಅಷ್ಟೇ ಮೇಲೆ, 135.7ರಲ್ಲಿ ಓಡುತ್ತಿರಬಹುದು. ಅದು ವಿಮಾನಗಳ ಬ್ಯಾಂಡ್ ಒಳಗೇ ಬಂತಲ್ವಾ? ಪಕ್ಕದ ಸ್ಕ್ಯಾನರ್ ಅಲ್ಲಿಗೆ ಬಂದಾಗ 'ಏನೋ ಸಿಕ್ಕಿತು' ಅಂತ ನಿಲ್ಲುತ್ತದೆ. ಪರೀಕ್ಷೆ ಸುಲಭ. ಎರಡನೆಯದನ್ನು ಒಂದು ಮೆಗಾಹರ್ಟ್ಸ್ ಪಕ್ಕಕ್ಕೆ ಸರಿಸಿ. ಮೊದಲನೆಯದು ನಿಲ್ಲುವ ಜಾಗವೂ ಅಷ್ಟೇ ಸರಿದರೆ ಕಳ್ಳ ಸಿಕ್ಕಂತೆ.

ಟಿ ಕನೆಕ್ಟರ್ ಇದನ್ನು ತಡೆಯುವುದಿಲ್ಲ, ಎರಡು ಸಾಕೆಟ್‌ಗಳನ್ನು ನೇರ ಕೂಡಿಸುತ್ತದೆ. 50 ಓಮ್‌ನ ಎರಡು ಸಾಕೆಟ್ ಸೇರಿ 25 ಓಮ್ ಆಗಿ 50 ಓಮ್ ಕೇಬಲ್‌ಗೆ ಹೊಂದದಿರುವುದರಿಂದ ಸಿಗ್ನಲ್ಲೂ ಒಂದಿಷ್ಟು ಆಂಟೆನಾ ಕಡೆಗೆ ವಾಪಸ್ ಹೋಗುತ್ತದೆ.

ನಿಮಗೆ ಬೇಕಾದ್ದು ಎರಡು ದಾರಿಯ ಸ್ಪ್ಲಿಟರ್. ಒಳಗೆ ಪುಟ್ಟ ಫೆರೈಟ್ ಮೇಲೆ ನಾಲ್ಕು ಸುತ್ತು ತಂತಿ, ಒಂದು ರೆಸಿಸ್ಟರ್, ಅಷ್ಟೇ. ಆದರೆ ಒಂದು ಔಟ್‌ನಿಂದ ಇನ್ನೊಂದಕ್ಕೆ ಸುಮಾರು 20 ಡಿಬಿ (ಡೆಸಿಬೆಲ್, ಸಿಗ್ನಲ್ ಎಷ್ಟು ಪಟ್ಟು ಏರಿತು, ಇಳಿಯಿತು ಅನ್ನುವ ಅಳತೆ) ತಡೆ ಸಿಗುತ್ತದೆ. ಅಂದರೆ ಸೋರಿದ್ದರಲ್ಲಿ ನೂರನೇ ಒಂದು ಪಾಲು ಮಾತ್ರ ಪಕ್ಕಕ್ಕೆ ದಾಟುತ್ತದೆ.

ಕೇಬಲ್ ಟಿವಿಯ ಸ್ಪ್ಲಿಟರ್ ಸಾಕು. ಅದು 75 ಓಮ್ ಅಂತ ಕೆಲವರು ಮೂಗು ಮುರಿಯುತ್ತಾರೆ. ಆ ವ್ಯತ್ಯಾಸಕ್ಕೆ ವಾಪಸ್ ಹೋಗುವುದು ನೂರಕ್ಕೆ 4 ಪಾಲು. ಕಿವಿಗೆ ಗೊತ್ತೇ ಆಗುವುದಿಲ್ಲ. ಮೈಮೇಲೆ '5–1000 ಮೆಗಾಹರ್ಟ್ಸ್' ಅಂತ ಇರಲಿ. 950ರಿಂದ ಶುರುವಾಗುವುದು ಡಿಶ್‌ನದು, ನಿಮಗೆ ಬೇಡ. ನೋಡಲು ಹೀಗೇ ಇರುವ 'ಟ್ಯಾಪ್' ಕೂಡ ಬೇಡ, ಅದರ ಒಂದು ಔಟ್‌ಗೆ ತೀರಾ ಕಡಿಮೆ ಸಿಗ್ನಲ್ ಬರುತ್ತದೆ.

ಸಿಗ್ನಲ್ ಅರ್ಧ ಅರ್ಧ ಹಂಚಿಕೆಯಾಗುತ್ತದೆ, ಒಟ್ಟು ನಷ್ಟ 3.5 ಡಿಬಿ ಆಸುಪಾಸು. ಹತ್ತಿರದ ಸ್ಟೇಷನ್‌ಗೆ ಏನೂ ಆಗುವುದಿಲ್ಲ. 400 ಮೆಗಾಹರ್ಟ್ಸ್ ದಾಟಿದ ಮೇಲಿನ ಸಣ್ಣ ಸಿಗ್ನಲ್‌ಗಳು ಮಾತ್ರ ಸೊರಗುತ್ತವೆ. ಅದಕ್ಕೆ ಎಲ್ಲರೂ ಮೊದಲು ಆಂಪ್ಲಿಫೈಯರ್ ಹುಡುಕುತ್ತಾರೆ. ನಾನಾಗಿದ್ದರೆ ಕೇಬಲ್ ನೋಡುತ್ತೇನೆ. ಆಂಟೆನಾದಿಂದ 15 ಮೀಟರ್ ತೆಳು ಆರ್‌ಜಿ-58 ಕೇಬಲ್ ಇಳಿದಿದ್ದರೆ ಆ ಎತ್ತರದ ಫ್ರೀಕ್ವೆನ್ಸಿಯಲ್ಲಿ ಅದೊಂದೇ ಸುಮಾರು 5 ಡಿಬಿ ನುಂಗುತ್ತದೆ. ಟಿವಿಯ ಆರ್‌ಜಿ-6 ಎಳೆದರೆ 2 ಚಿಲ್ಲರೆಗೆ ಇಳಿಯುತ್ತದೆ. ಸ್ಪ್ಲಿಟರ್ ಕಿತ್ತುಕೊಂಡದ್ದು ಹೆಚ್ಚುಕಮ್ಮಿ ವಾಪಸ್ ಬಂತು, ಕರೆಂಟ್ ಬೇಡ, ಪೆಟ್ಟಿಗೆ ಬೇಡ. ಅದೂ ಸಾಲದಿದ್ದರೆ ಆಂಪ್ಲಿಫೈಯರ್ ಹಾಕಿ, ಆದರೆ ಆಂಟೆನಾ ಬುಡದಲ್ಲೇ. ಸ್ಕ್ಯಾನರ್ ಪಕ್ಕದಲ್ಲಿ ಹಾಕಿದರೆ ಕೇಬಲ್‌ನಲ್ಲಿ ಕಳೆದುಹೋದದ್ದು ಮತ್ತೆ ಹುಟ್ಟುವುದಿಲ್ಲ. ಹತ್ತಿರದಲ್ಲಿ ಎಫ್‌ಎಂ ಟವರ್ ಇದ್ದರೆ 88–108 ತಡೆಯುವ ಫಿಲ್ಟರ್ ಅದಕ್ಕೂ ಮುಂಚೆ ಇರಲಿ. ಇಲ್ಲದಿದ್ದರೆ ವಿಮಾನದ ಬ್ಯಾಂಡ್‌ನಲ್ಲಿ ಹಾಡು ಕೇಳಬೇಕಾಗುತ್ತದೆ!

ಪ್ರಶ್ನೆ: ಅದೇ ಸ್ಪ್ಲಿಟರ್‌ನ ಒಂದು ಔಟ್‌ಗೆ ನನ್ನ 5 ವ್ಯಾಟ್ ಹ್ಯಾಮ್ ಸೆಟ್ (ಕೇಳುವುದಷ್ಟೇ ಅಲ್ಲ, ಮಾತನ್ನು ಕಳಿಸಲೂ ಬಲ್ಲ ಹವ್ಯಾಸಿ ರೇಡಿಯೊ) ಹಾಕಬಹುದಾ?

ಉತ್ತರ: ಖಂಡಿತ ಬೇಡ. ಮಾತನಾಡಲು ಗುಂಡಿ ಒತ್ತಿದ ಕೂಡಲೇ ಅರ್ಧ ಶಕ್ತಿ ಆ ಪುಟ್ಟ ರೆಸಿಸ್ಟರ್‌ಗೆ ಹೋಗಿ ಅದು ಸುಡಬಹುದು. 20 ಡಿಬಿ ತಡೆ ದಾಟಿಯೂ ಸ್ಕ್ಯಾನರ್‌ಗೆ 50 ಮಿಲಿವ್ಯಾಟ್ ಮುಟ್ಟುತ್ತದೆ. 50 ಓಮ್ ಸಾಕೆಟ್‌ನಲ್ಲಿ ಅದು ಒಂದೂವರೆ ವೋಲ್ಟ್. ಮೈಕ್ರೋವೋಲ್ಟ್ ಕೇಳಲು ಮಾಡಿದ ಯಂತ್ರ ಅದು. ಹ್ಯಾಮ್ ಸೆಟ್‌ಗೆ ಬೇರೆ ಆಂಟೆನಾನೇ ಹಾಕಿ, ಸ್ಕ್ಯಾನರ್‌ನದರಿಂದ ಆದಷ್ಟು ದೂರದಲ್ಲಿ.